ದೊಡ್ಡರೋಗ ಹೋಯಿತು, ಕಾಲುಬಾಯಿ ಯಾಕೆ ಉಳಿಯಿತು?

ಈಚೆಗೆ ಒಂದು ವಿಚಾರ ಸಂಕಿರಣಕ್ಕೆ ಹೋಗಿದ್ದೆ. ಯುವ ಭಾಷಣಕಾರರೊಬ್ಬರು ಜಾನುವಾರು ರೋಗಗಳ ಚರಿತ್ರೆಯನ್ನು ಲಸಿಕೆಗಳ ಪಟ್ಟಿಯಾಗಿ ಓದಿ ಮುಗಿಸಿದರು. ಊಟದ ಹೊತ್ತಿಗೆ ಇನ್ನೊಬ್ಬರು ಸಿಕ್ಕಿ, ನಾಟಿ ಹಸುಗಳನ್ನೇ ಉಳಿಸಿಕೊಂಡಿದ್ದರೆ ಈ ಲಸಿಕೆಗಳ ಗೊಡವೆಯೇ ಇರುತ್ತಿರಲಿಲ್ಲ ಎಂದರು. ಮೂವತ್ತು ಚಿಲ್ಲರೆ ವರ್ಷ ಕೊಟ್ಟಿಗೆಗಳಲ್ಲೇ ಓಡಾಡಿದ ನನಗೆ ಎರಡೂ ಮಾತು ಅರೆಬೆಂದ ಅನ್ನದ ಹಾಗೆ ಕಂಡವು.

ಹಳೆಯದನ್ನು ಬೇಗ ಹೇಳಿಬಿಡುತ್ತೇನೆ. ದನಗಳ ಮಹಾಮಾರಿಯಾದ ದೊಡ್ಡರೋಗದ (ರಿಂಡರ್‌ಪೆಸ್ಟ್) ಬಗ್ಗೆ ಬ್ರಿಟಿಷ್ ಸರ್ಕಾರ ನೇಮಿಸಿದ ಆಯೋಗದ ವರದಿ ಬಂದದ್ದು 1871ರಲ್ಲಿ. 1889ರಲ್ಲಿ ಪುಣೆಯಲ್ಲಿ ಪ್ರಯೋಗಾಲಯವೊಂದು ಶುರುವಾಗಿ, 1893ರಲ್ಲಿ ಹಿಮಾಲಯದ ಮುಕ್ತೇಶ್ವರಕ್ಕೆ ಹೋಯಿತು. ಇಂದಿನ ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆಗೆ (ಐವಿಆರ್‌ಐ) ಅದೇ ಮೂಲ. 1897ರಲ್ಲಿ ಬ್ಯಾಕ್ಟೀರಿಯಾ ವಿಜ್ಞಾನಿ ರಾಬರ್ಟ್ ಕಾಕ್ ಅಲ್ಲಿಗೆ ಬಂದು ಹೋದ. ಅದೇ ಸುಮಾರಿಗೆ ಜರ್ಮನಿಯಲ್ಲಿ ಲೋಫ್ಲರ್ ಮತ್ತು ಫ್ರಾಷ್ ಎಂಬ ವಿಜ್ಞಾನಿಗಳು, ಕಾಲುಬಾಯಿ ಜ್ವರ ತರುವ ವಸ್ತು ಬ್ಯಾಕ್ಟೀರಿಯಾ ಸೋಸುವ ಜರಡಿಯಲ್ಲೂ ಜಾರಿಹೋಗುವಷ್ಟು ಸಣ್ಣದು ಎಂದು ತೋರಿಸಿದರು. ಪ್ರಾಣಿಗಳ ವೈರಸ್ ಮೊದಲು ಸಿಕ್ಕಿಬಿದ್ದದ್ದು ಹಾಗೆ. 1920ರ ದಶಕದಲ್ಲಿ ಎಡ್ವರ್ಡ್ಸ್ ಎಂಬ ವಿಜ್ಞಾನಿ ಮುಕ್ತೇಶ್ವರದಲ್ಲಿ ದೊಡ್ಡರೋಗದ ವೈರಸ್ಸನ್ನು ಮೇಕೆಯಿಂದ ಮೇಕೆಗೆ ದಾಟಿಸುತ್ತಾ ಪಳಗಿಸಿದರು. ಅದೇ ದಶಕದಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಮೈಸೂರು ಸೀರಂ ಇನ್‌ಸ್ಟಿಟ್ಯೂಟ್ ಎದ್ದಿತು.

ಊರಿನವರೇನೂ ಇವರಿಗಾಗಿ ಕಾದು ಕೂತಿರಲಿಲ್ಲ. ಮಾರಿಯನ್ನು ಗಡಿ ದಾಟಿಸುತ್ತಿದ್ದರು. ಊರಿಗೆ ಊರೇ ಬಾಗಿಲು ಮುಚ್ಚಿ, ದನಕರು ಹೊಡೆದುಕೊಂಡು ಹೊರಗೆ ಹೋಗಿ ಉಂಡು ಬರುವ ಹೊರಬೀಡು ಮಾಡುತ್ತಿದ್ದರು. ಕಾಲೇಜಿನಲ್ಲಿ ನಾವು ಇದಕ್ಕೆ ನಕ್ಕಿದ್ದೇವೆ. ಆದರೆ ರೋಗ ಬಂದಾಗ ಊರಿನ ಮೇರೆ ಕಟ್ಟಬೇಕು ಎಂಬ ತಿಳಿವು ಅದರಲ್ಲಿತ್ತು. ನಮ್ಮ ಪಶುವೈದ್ಯ ಇಲಾಖೆಗೆ ಆ ತಿಳಿವು ಬಂದದ್ದು ತಡವಾಗಿ.

ರಾಷ್ಟ್ರೀಯ ದೊಡ್ಡರೋಗ ನಿರ್ಮೂಲನಾ ಕಾರ್ಯಕ್ರಮ 1954ರಲ್ಲಿ ಆರಂಭವಾಯಿತು. ಮೇಕೆಯ ಗುಲ್ಮದಿಂದ ತಯಾರಾದ ಪುಡಿ ಲಸಿಕೆ, ಆಮೇಲೆ ವಿಜ್ಞಾನಿ ಪ್ಲೋರೈಟ್ ಕೀನ್ಯಾದಲ್ಲಿ ಸಿದ್ಧಪಡಿಸಿದ ದಾರಿ ಹಿಡಿದು ಜೀವಕೋಶಗಳಲ್ಲಿ ಬೆಳೆಸಿದ ಲಸಿಕೆ. ರೋಗ ಇಳಿಯಿತು, ಹೋಗಲಿಲ್ಲ. ದಕ್ಷಿಣದ ರಾಜ್ಯಗಳಲ್ಲಿ ಬೂದಿ ಮುಚ್ಚಿದ ಕೆಂಡದಂತೆ ಉಳಿಯಿತು. ಕಾರಣ ಸರಳ: ಕೈಗೆ ಸಿಗುವ ದನಕ್ಕೆ ವರ್ಷವರ್ಷವೂ ಸೂಜಿ, ಸಿಗದ ದನಕ್ಕೆ ಒಮ್ಮೆಯೂ ಇಲ್ಲ. ಗುರಿ ಮಾತ್ರ ಕಾಗದದ ಮೇಲೆ ನೂರಕ್ಕೆ ನೂರು.

ನಾನು ಕೆಲಸಕ್ಕೆ ಸೇರಿದ ಕೆಲವೇ ವರ್ಷಕ್ಕೆ, 1992ರಲ್ಲಿ, ಯುರೋಪಿಯನ್ ಸಮುದಾಯದ ನೆರವಿನಿಂದ ಹೊಸ ಯೋಜನೆ ಬಂತು. ಹಣ ಬಂತು, ಫ್ರಿಜ್ ಬಂತು, ಜೀಪು ಬಂತು. ಅದಕ್ಕಿಂತ ಮುಖ್ಯವಾಗಿ, ಲೆಕ್ಕದ ಕ್ರಮ ಬದಲಾಯಿತು. ಎಷ್ಟು ದನಕ್ಕೆ ಸೂಜಿ ಹಾಕಿದಿರಿ ಎನ್ನುವುದರ ಜೊತೆಗೆ, ಎಷ್ಟು ಊರಲ್ಲಿ ರೋಗ ಹುಡುಕಿದಿರಿ ಎಂದು ಕೇಳತೊಡಗಿದರು. ಊರೂರಿಗೆ ಹೋಗಿ ಬಾಯಿ ಬಿಡಿಸಿ ನೋಡುತ್ತಿದ್ದೆವು. ದೊಡ್ಡರೋಗವಾದರೆ ವಸಡಿನ ಮೇಲೆ ತೌಡು ಉದುರಿಸಿದಂತೆ ಹುಣ್ಣು, ಕಣ್ಣಲ್ಲಿ ಪಿಸುರು, ಮೂರು ಮನೆ ಆಚೆಗೂ ಹೊಡೆಯುವ ಭೇದಿಯ ನಾತ. ಏನೂ ಕಾಣದಿದ್ದರೂ 'ಇಲ್ಲ' ಎಂದು ಬರೆದು ಕಳಿಸಲೇಬೇಕು. ಆ 'ನಿಲ್' ವರದಿಗಳನ್ನು ಆಗ ಬೈದುಕೊಂಡೇ ಬರೆದಿದ್ದೇನೆ.

ಬೆಂಗಳೂರಿನ ಪಾತ್ರವನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಸಂಕಿರಣಗಳಲ್ಲಿ ಯಾರೂ ಹೇಳುವುದಿಲ್ಲ. ನಾವು ಐಸ್ ಡಬ್ಬಿಯಲ್ಲಿ ಕಳಿಸಿದ ರಕ್ತದ ಸೀರಂ ಪರೀಕ್ಷೆ ನಡೆದದ್ದು ಹೆಬ್ಬಾಳದ ಸುತ್ತಮುತ್ತ. ಜಾನುವಾರು ರೋಗಗಳ ಜಾಡು ಹಿಡಿಯುವ, ಇಂದು ಯಲಹಂಕದಲ್ಲಿರುವ ನಿವೇದಿ ಸಂಸ್ಥೆ ಬೆಳೆದದ್ದು ರಕ್ತದಲ್ಲಿ ಪ್ರತಿಕಾಯ ಪತ್ತೆಹಚ್ಚುವ ಆ ಕಾಲದ ಎಲಿಸಾ ಕಿಟ್‌ಗಳ ಮೇಲೆಯೇ. ಭಾರತೀಯ ವಿಜ್ಞಾನ ಸಂಸ್ಥೆಯ ಎಂ.ಎಸ್. ಶೈಲಾ ಮತ್ತು ಸಂಗಡಿಗರು ಇನ್ನೊಂದು ಗಂಟು ಬಿಡಿಸಿದರು. ಕುರಿ ಮೇಕೆಗಳು ಭೇದಿಯಾಗಿ ಸತ್ತರೆ ಅದನ್ನೂ ದೊಡ್ಡರೋಗವೆಂದೇ ಬರೆಯುತ್ತಿದ್ದ ಕಾಲ. 1987ರಲ್ಲಿ ತಮಿಳುನಾಡಿನ ಕುರಿಗಳಲ್ಲಿ ಕಂಡದ್ದು ಅದಲ್ಲ, ಆಫ್ರಿಕಾದಲ್ಲಿ 1942ರಲ್ಲೇ ಗುರುತಿಸಿದ್ದ ಪಿಪಿಆರ್ ಎಂದು ಅವರು 1989ರಲ್ಲಿ ಪ್ರಕಟಿಸಿದರು. ನಮ್ಮ ಉತ್ತರ ಕರ್ನಾಟಕದ ಕುರಿಗಾರರು ಹಿರೇಬ್ಯಾನಿ ಎನ್ನುವ ರೋಗ. ಎರಡನ್ನೂ ಬೇರ್ಪಡಿಸದಿದ್ದರೆ ದೊಡ್ಡರೋಗ ಹೋಯಿತೆಂದು ಹೇಳುವ ದಿನವೇ ಬರುತ್ತಿರಲಿಲ್ಲ.

ದೇಶದ ಕೊನೆಯ ದೊಡ್ಡರೋಗ ಕಂಡದ್ದು 1995ರಲ್ಲಿ, ತಮಿಳುನಾಡಿನ ಉತ್ತರ ಆರ್ಕಾಟಿನಲ್ಲಿ. ಆಮೇಲೆ ಮಾಡಿದ್ದೇ ಧೈರ್ಯದ ಕೆಲಸ. ಲಸಿಕೆ ನಿಲ್ಲಿಸಿದೆವು. ಲಸಿಕೆ ಹಾಕಿದ ದನದ ರಕ್ತದಲ್ಲೂ ರೋಗ ಬಂದು ಹೋದ ದನದ ರಕ್ತದಲ್ಲೂ ಪ್ರತಿಕಾಯ ಇರುತ್ತದೆ, ಆಗಿನ ಪರೀಕ್ಷೆಗೆ ಎರಡೂ ಒಂದೇ. ಲಸಿಕೆ ನಿಂತ ಮೇಲೆ ಹುಟ್ಟಿದ ಕರುಗಳ ರಕ್ತ ಶುದ್ಧವಾಗಿದ್ದರೆ ಮಾತ್ರ ವೈರಸ್ ಇಲ್ಲ ಎನ್ನಬಹುದು. ಸೂಜಿ ಬೇಡ ಎಂದಾಗ ಹಿರಿಯ ಅಧಿಕಾರಿಯೊಬ್ಬರು, 'ನಾಳೆ ದನ ಸತ್ತರೆ ನಿಮ್ಮ ಹೆಸರು ಬರೆಯಲೇನ್ರೀ?' ಎಂದಿದ್ದರು. ದನ ಸಾಯಲಿಲ್ಲ. 2006ರಲ್ಲಿ ಭಾರತ, 2011ರಲ್ಲಿ ಜಗತ್ತು ದೊಡ್ಡರೋಗದಿಂದ ಮುಕ್ತವೆಂದು ಘೋಷಣೆಯಾಯಿತು. ಸಿಡುಬು ಬಿಟ್ಟರೆ ಮನುಷ್ಯ ಬೇರುಸಹಿತ ಕಿತ್ತ ವೈರಸ್ ರೋಗ ಇದೊಂದೇ.

ಕಾಲುಬಾಯಿ ಇದರ ತದ್ವಿರುದ್ಧ. ದೊಡ್ಡರೋಗದ ವೈರಸ್ಸಿಗೆ ಒಂದೇ ಸೀರೊಟೈಪು, ಅಂದರೆ ಒಂದೇ ಬಗೆ, ಒಂದು ಸೂಜಿಗೆ ವರ್ಷಾನುಗಟ್ಟಲೆ ರಕ್ಷಣೆ. ಕಾಲುಬಾಯಿಗೆ ಏಳು ಸೀರೊಟೈಪು. ನಮ್ಮಲ್ಲಿ ಓ, ಎ, ಏಷ್ಯಾ-1 ಎಂಬ ಮೂರು. ನಿಷ್ಕ್ರಿಯ ಲಸಿಕೆ ಕೊಡುವ ರಕ್ಷಣೆ ಆರು ತಿಂಗಳ ಮಾತು. ವಾಸಿಯಾದ ದನದ ಗಂಟಲಲ್ಲೂ ವೈರಸ್ ತಿಂಗಳುಗಟ್ಟಲೆ ಉಳಿಯಬಲ್ಲದು. 2003-04ರಲ್ಲಿ 54 ಜಿಲ್ಲೆಗಳಲ್ಲಿ ನಿಯಂತ್ರಣ ಶುರುವಾದರೂ 2013ರಲ್ಲಿ ಕರ್ನಾಟಕ ತತ್ತರಿಸಿತು. ಜೊಲ್ಲು ಸುರಿಸುತ್ತಾ ಗೊರಸು ಕಳಚಿ ನಿಂತ ಮಿಶ್ರತಳಿ ಹಸುಗಳ ಬಾಯಿಗೆ ಬೋರಿಕ್ ಗ್ಲಿಸರಿನ್ ಹಚ್ಚುತ್ತಾ ಎಷ್ಟೋ ರಾತ್ರಿ ಕಳೆದಿದ್ದೇನೆ. ಬದುಕಿದವೂ ಬಿಸಿಲಿಗೆ ಏದುಸಿರು ಬಿಡುತ್ತಿದ್ದವು, ಹಾಲು ಮತ್ತೆ ಏರಲಿಲ್ಲ.

ನಾಟಿ ಹಸುವಿನ ವಾದಕ್ಕೆ ಉತ್ತರ ಕೊಟ್ಟದ್ದು ಚರ್ಮಗಂಟು ರೋಗ. 2019ರಲ್ಲಿ ಒಡಿಶಾದಲ್ಲಿ ಕಾಣಿಸಿ, 2022ರಲ್ಲಿ ರಾಜಸ್ಥಾನ, ಗುಜರಾತಿನ ದೇಸಿ ತಳಿಗಳನ್ನೇ ಉರುಳಿಸಿತು. ನಮ್ಮಲ್ಲಿ ಜಾನುವಾರು ಜಾತ್ರೆಗಳು ನಿಂತವು. ಕೈಗೆ ಸಿಕ್ಕ ಮೇಕೆ ಸಿಡುಬಿನ ಲಸಿಕೆಯನ್ನೇ ದನಕ್ಕೆ ಹಾಕಿ ಸಂಭಾಳಿಸಿದೆವು. ನೊಣ, ಸೊಳ್ಳೆ, ಉಣ್ಣೆಗಳ ಮೂಲಕ ಹರಡುವ ರೋಗಕ್ಕೆ ಕೊಟ್ಟಿಗೆಯ ಶುಚಿಯ ಬಗ್ಗೆ ಎಷ್ಟು ಕರಪತ್ರ ಹಂಚಿದರೆ ಏನು, ಮಳೆಗಾಲದ ತಿಪ್ಪೆ ಎಲ್ಲಿಗೆ ಹೋಗುತ್ತದೆ?

2019ರ ಸೆಪ್ಟೆಂಬರಿನಲ್ಲಿ ಮಥುರಾದಲ್ಲಿ ಕಾಲುಬಾಯಿ ಮತ್ತು ಬ್ರುಸೆಲ್ಲೋಸಿಸ್‌ಗೆಂದು 13,343 ಕೋಟಿ ರೂಪಾಯಿಯ ಯೋಜನೆ ಆರಂಭವಾಯಿತು. 2030ಕ್ಕೆ ನಿರ್ಮೂಲನೆಯ ಗುರಿ. ಹಣಕ್ಕೆ ಕೊರತೆಯಿಲ್ಲ. ದನದ ಕಿವಿಗೆ ಹನ್ನೆರಡು ಅಂಕಿಯ ಓಲೆ, ಸೂಜಿ ಹಾಕಿದ ಕೂಡಲೇ ಮೊಬೈಲಿನಲ್ಲಿ ನಮೂದು. ರಕ್ತದ ಮಾದರಿಯನ್ನೂ ತೆಗೆಯುತ್ತಾರೆ. ಆದರೆ ನನ್ನ ಸೇವೆಯ ಕೊನೆಯ ವರ್ಷಗಳಲ್ಲಿ ಕಳಿಸಿದ ಮಾದರಿಗಳ ಫಲಿತಾಂಶ ನನ್ನ ಆಸ್ಪತ್ರೆಗೆ ತಿರುಗಿ ಬರಲಿಲ್ಲ. ಮೇಲಿನವರು ಕೇಳಿದ್ದು ಸೂಜಿ ಹಾಕಿದ ದನಗಳ ಶೇಕಡಾವಾರು ಒಂದನ್ನೇ. ಸೂಜಿ ಹಾಕಿಸಿದರೆ ಗಬ್ಬದ ಹಸು ಕಂದು ಹಾಕುತ್ತದೆ, ಹಾಲು ಇಳಿಯುತ್ತದೆ ಎಂದು ಬಾಗಿಲಲ್ಲೇ ತಡೆಯುವ ಮನೆಯೊಡತಿಗೆ, 'ಹೋದ ಸಲ ನಿಮ್ಮೂರಲ್ಲಿ ಇಷ್ಟು ದನಕ್ಕೆ ಶಕ್ತಿ ಬಂದಿದೆ ನೋಡಿ ತಾಯಿ' ಎಂದು ತೋರಿಸಲು ನನ್ನ ಕೈಯಲ್ಲಿ ಒಂದು ಕಾಗದವಿರಲಿಲ್ಲ. ಸಂತೆಗೆ ಬರುವ ದನಕ್ಕೆ ತಪಾಸಣೆಯೂ ಇರಲಿಲ್ಲ.

ಮುಂದಿನ ಸುತ್ತಿಗೆ ಲಸಿಕೆಯವರು ನಿಮ್ಮ ಊರಿಗೆ ಬಂದಾಗ ಹಸುವನ್ನು ಹಿತ್ತಲಿಗೆ ಕಟ್ಟಬೇಡಿ, ಸೂಜಿ ಹಾಕಿಸಿ. ಹಾಕಿಸಿದ ಮೇಲೆ, ಹೋದ ಸಲದ ರಕ್ತಪರೀಕ್ಷೆಯಲ್ಲಿ ಏನು ಬಂತು ಎಂದು ಕೇಳಿ. ಉತ್ತರ ಬರುವ ತನಕ ಕೇಳುತ್ತಲೇ ಇರಿ.