ಅಂತರಗಂಗೆ: ಹೆಸರಿನಿಂದ ಪ್ರಯೋಗಾಲಯಕ್ಕೆ

ಗದ್ವಾಲ 1956ರವರೆಗೂ ರಾಯಚೂರು ಜಿಲ್ಲೆಯಲ್ಲಿತ್ತು. ನಾರಾಯಣಪೇಟೆ, ಮಕ್ತಲ್, ಗದ್ವಾಲ ಸೀಮೆಯಲ್ಲಿ ಗಿಡಕ್ಕೂ ಎರಡು ಭಾಷೆ. ನಾವು ಅಂತರಗಂಗೆ ಅನ್ನೋದು ತೆಲುಗಿನಲ್ಲಿ ಅಂತರತಾಮರ. ತಾಮರ ಅಂದ್ರೆ ತಾವರೆ; ಹುಳುಕಡ್ಡಿಯೂ ಹೌದು. ಇದರ ಬೂದಿಯನ್ನು ಹುಳುಕಡ್ಡಿಗೆ ಹಚ್ಚುವುದು ಹಳೆಯ ನಾಟಿ ಮದ್ದು.

ಹೆಸರೇ ಪುರಾವೆ ಆಗುತ್ತಾ? ಇಲ್ಲ. ಹುಳುಕಡ್ಡಿಗೆ ಕಾರಣ ಹುಳವಲ್ಲ, ಶಿಲೀಂಧ್ರ. ಸಾರ ಅದ್ದಿದ ಬಿಲ್ಲೆಯ ಸುತ್ತ ಅದು ಬೆಳೆಯದೆ ವರ್ತುಲ ಮೂಡಿತೇ ಅಂತ ಪ್ರಯೋಗಾಲಯ ನೋಡುತ್ತೆ. ಆಮೇಲೆ ವಿಷಪರೀಕ್ಷೆ: ಅದೇ ಸಾರದಲ್ಲಿ ಆರ್ಟೀಮಿಯಾ ಮರಿಗಳು ಒಂದು ದಿನ ಬದುಕಿದವೇ? 1982ರಲ್ಲಿ ಪ್ರಕಟವಾದ ವಿಧಾನವಿದು. ಇದನ್ನು ಬಿಡುವಂತಿಲ್ಲ, ಈ ಗಿಡ ಕೆರೆಯ ಸೀಸ, ಕ್ಯಾಡ್ಮಿಯಂ ಹೀರುತ್ತೆ.

ಇನ್ನೊಂದು ತೊಡಕು. ಊದಾ ಹೂವಿನ ಬೇರೊಂದು ಕಳೆಗೂ ನಮ್ಮಲ್ಲಿ ಅಂತರಗಂಗೆ ಅಂತಾರೆ. ಯಾವ ಗಿಡ, ಯಾವ ಕೆರೆ ಅಂತ ಬರೆಯದಿದ್ದರೆ ಫಲಿತಾಂಶಕ್ಕೆ ಬೆಲೆಯಿಲ್ಲ. ಭಾಷೆಯ ವಿದ್ಯಾರ್ಥಿಗೆ ಅಲ್ಲೇ ಕೆಲಸ ಇದೆ.