ಯಾಕೋಬನ ಮನೆತನ

ಪ್ರಾಚೀನ ಜನಾಂಗಗಳು ತಮ್ಮ ಮೂಲಪುರುಷರನ್ನು ನೆನೆಯುವಾಗ ಅವರ ಪರಾಕ್ರಮವನ್ನು ಕೊಂಡಾಡುವುದು ವಾಡಿಕೆ. ಹೀಬ್ರೂ ಜನರಾದರೋ ತಮ್ಮ ಹಿರಿಯರ ಮನೆಜಗಳಗಳನ್ನೇ ಧರ್ಮಗ್ರಂಥದಲ್ಲಿ ಬರೆದಿಟ್ಟರು. ಅಬ್ರಹಾಮನಿಗೆ ದೇವರು ಸಂತತಿಯನ್ನೂ ನಾಡನ್ನೂ ಕೊಡುವೆನೆಂದು ಮಾತು ಕೊಟ್ಟನೆಂದು ‘ಆದಿಕಾಂಡ’ ಹೇಳುತ್ತದೆ. ಆ ಮಾತನ್ನು ಹೊತ್ತು ನಡೆಯಬೇಕಾದ ಮೊಮ್ಮಗ ಯಾಕೋಬನ ಸಂಸಾರವನ್ನು ನೋಡಿ!

ಅಣ್ಣ ಏಸಾವನಿಗೆ ಸಲ್ಲಬೇಕಾದ ಆಶೀರ್ವಾದವನ್ನು ಇವನು ಕಪಟದಿಂದ ಪಡೆದ. ಕಣ್ಣು ಮಂಜಾದ ತಂದೆ ಇಸಾಕನು ತಡವಿ ನೋಡಿದರೆ ರೋಮ ಬೆಳೆದ ಏಸಾವನ ಮೈಯೆಂದೇ ತೋರಲಿ ಎಂದು ಕೈಗಳಿಗೆ ಮೇಕೆಮರಿಯ ತೊಗಲನ್ನು ಸುತ್ತಿಕೊಂಡಿದ್ದ. ಉಪಾಯ ಹೇಳಿಕೊಟ್ಟವಳು ತಾಯಿಯೇ. ಅಣ್ಣನಿಗೆ ಹೆದರಿ ಸೋದರಮಾವ ಲಾಬಾನನ ಮನೆ ಸೇರಿದ. ಮಾವನ ಮಗಳನ್ನು ಮದುವೆಯಾಗುವುದು ನಮ್ಮಲ್ಲಿಯೂ ಉಂಟಷ್ಟೆ. ಆದರೆ ಈ ಮಾವ ಕಿರಿಯ ಮಗಳು ರಾಹೇಲಳಿಗಾಗಿ 7 ವರ್ಷ ದುಡಿಸಿಕೊಂಡು, ಮದುವೆಯ ರಾತ್ರಿ ಹಿರಿಯಳಾದ ಲೇಯಳನ್ನು ಕಳುಹಿಸಿದ. ರಾಹೇಲಳಿಗಾಗಿ ಮತ್ತೆ 7 ವರ್ಷ ದುಡಿಯಬೇಕಾಯಿತು. ಅಕ್ಕತಂಗಿಯರು ಸವತಿಯರಾದರು, ಮತ್ಸರ ಮಕ್ಕಳಿಗೂ ಇಳಿಯಿತು.

ಯಾಕೋಬನಿಗೆ ರಾಹೇಲಳ ಮಗ ಯೋಸೇಫನ ಮೇಲೆ ಪಕ್ಷಪಾತ. 17 ವರ್ಷದ ಆ ಹುಡುಗನನ್ನು ಅಣ್ಣಂದಿರು 20 ತುಂಡು ಬೆಳ್ಳಿಗೆ ವರ್ತಕರಿಗೆ ಮಾರಿದರು. ಕೊಲ್ಲುವುದಕ್ಕಿಂತ ಮಾರುವುದು ಮೇಲೆಂದವನು ಲೇಯಳ ಮಗ ಯೂದ. ಹುಡುಗನ ಅಂಗಿಯನ್ನು ಮೇಕೆಯ ರಕ್ತದಲ್ಲಿ ಅದ್ದಿ ತಂದೆಗೆ ತೋರಿಸಿದರು. ತಂದೆಯನ್ನು ಮೇಕೆಯ ತೊಗಲಿನಿಂದ ವಂಚಿಸಿದವನಿಗೆ ಈಗ ಮೇಕೆಯ ರಕ್ತದಿಂದ ವಂಚನೆ! ಗ್ರಂಥಕಾರನು ಇದನ್ನು ಎತ್ತಿ ಆಡುವುದಿಲ್ಲ, ಓದುಗನಿಗೇ ಬಿಡುತ್ತಾನೆ.

ಇಂಥ ಮನೆಯಲ್ಲಿ ದೇವರ ನಿಷ್ಠೆ ಎಲ್ಲಿ ಕಂಡಿತು? ಹೀಬ್ರೂ ಭಾಷೆಯಲ್ಲಿ ‘ಹೆಸೆದ್’ ಎಂಬ ಪದವಿದೆ. ಕೊಟ್ಟ ಮಾತಿಗೆ ತಪ್ಪದ ಪ್ರೀತಿ ಎಂದು ಅರ್ಥ ಹೇಳಬಹುದು. 20 ವರ್ಷಗಳ ಬಳಿಕ ಅಣ್ಣನಿಗೆ ಮುಖ ತೋರಿಸಲು ನಡುಗುತ್ತ ಬಂದ ಯಾಕೋಬನು ಅದಕ್ಕೆ ತಾನು ಪಾತ್ರನಲ್ಲವೆಂದು ಪ್ರಾರ್ಥಿಸಿದ. ಏಸಾವನೋ ಓಡಿಬಂದು ತಬ್ಬಿಕೊಂಡ.

ಯೋಸೇಫನ ಕಥೆಯಲ್ಲಿ ಸಮುದ್ರ ಇಬ್ಭಾಗವಾಗುವಂಥ ಪವಾಡಗಳಿಲ್ಲ. ಅವನು ಐಗುಪ್ತದ ಅಧಿಕಾರಿಯಾದ. ಕ್ಷಾಮದಲ್ಲಿ ಧಾನ್ಯಕ್ಕೆ ಬಂದ ಅಣ್ಣಂದಿರಿಗೆ ಗುರುತು ಸಿಗಲಿಲ್ಲ. ರಾಹೇಲಳ ಇನ್ನೊಬ್ಬ ಮಗ ಬೆನ್ಯಾಮೀನನ ಮೇಲೆ ಅವನು ಕಳವಿನ ನೆಪ ಹೊರಿಸಿ ಹಿಡಿದಿಡಲು ಹೊರಟಾಗ, ಹುಡುಗನ ಬದಲು ತಾನೇ ದಾಸನಾಗುವೆನೆಂದು ಮುಂದೆ ಬಂದವನು ಅದೇ ಯೂದ. ಯೋಸೇಫನಿಗೆ ಅಳು ತಡೆಯಲಾಗಲಿಲ್ಲ.

ಐಗುಪ್ತದ ಶಾಸನಗಳಲ್ಲಿ ಯೋಸೇಫನ ಹೆಸರು ದೊರೆತಿಲ್ಲ. 1896ರಲ್ಲಿ ತೀಬ್ಸ್‌ನಲ್ಲಿ ಸಿಕ್ಕ, ಕ್ರಿ.ಪೂ. ಸುಮಾರು 1208ರ ಮೆರ್ನೆಪ್ಟಾ ಶಾಸನವು ಇಸ್ರೇಲ್ ಜನರನ್ನು ಹೆಸರಿಸುತ್ತದೆ, ಅದೂ ನಿರ್ಮೂಲವಾದರೆಂದು! ಈ ಕಥೆಗಳು ಈಗಿನ ರೂಪ ಪಡೆದದ್ದು ಕ್ರಿ.ಪೂ. 586ರ ಸುಮಾರಿಗೆ ಬಾಬಿಲೋನಿನವರು ಯೆರೂಸಲೇಮನ್ನು ಕೆಡವಿ ಜನರನ್ನು ಸೆರೆಯೊಯ್ದ ಕಾಲದಲ್ಲಿ ಅಥವಾ ಆಮೇಲೆ ಎಂದು ಅನೇಕ ವಿದ್ವಾಂಸರ ಮತ. ನೆಲ, ಅರಸು, ದೇವಾಲಯ ಮೂರನ್ನೂ ಕಳೆದುಕೊಂಡ ಆ ಜನ ಹಿರಿಯರ ತಪ್ಪುಗಳನ್ನು ಅಳಿಸಲಿಲ್ಲ. ವಾಗ್ದಾನವು ಹಿರಿಯರ ಯೋಗ್ಯತೆಯನ್ನೇ ನಂಬಿ ನಿಂತಿದ್ದರೆ ಯಾಕೋಬನ ಅಂಗಳದಲ್ಲಿಯೇ ಮುರಿದುಬೀಳುತ್ತಿತ್ತೆಂದು ಅವರು ಅರಿತಿದ್ದಿರಬೇಕು. ಯೆಹೂದ್ಯರು ಎಂಬ ಅವರ ಹೆಸರು ಬಂದದ್ದೂ, ತಮ್ಮನನ್ನು ಮಾರೋಣವೆಂದ ಆ ಯೂದನಿಂದಲೇ.