ಒಡೆದ ಹಾಲಿನ ನೀರು, ಕಟ್ಟಿಹಾಕಿದ ಕಿಣ್ವ



ಹಾಲು ಒಡೆದರೆ ಗಟ್ಟಿಯನ್ನು ಇಟ್ಟುಕೊಂಡು ತಿಳಿನೀರನ್ನು ಚೆಲ್ಲುವುದು ನಮ್ಮ ರೂಢಿ. ಅದರೊಡನೆ ಹೋದದ್ದೇನು ಬಲ್ಲಿರಾ? ಇಂಥ 100 ಲೀಟರ್ ನೀರಿನಲ್ಲಿ ಸುಮಾರು 4½ ಕಿಲೊ ಹಾಲುಸಕ್ಕರೆ ಇರುತ್ತದೆ! ಮನೆಯಲ್ಲಿ ಒಂದು ಚೆಂಬು ಹೋದರೆ ಚಿಂತೆಯಿಲ್ಲ. ಚೀಸ್ ಮಾಡುವ ಡೇರಿಯಲ್ಲಿ 10 ಲೀಟರ್ ಹಾಲಿಗೆ ಸುಮಾರು 9 ಲೀಟರ್ ಈ ನೀರೇ ಉಳಿಯುತ್ತದೆ. ಅದನ್ನು ಕೆರೆಗೆ ಬಿಟ್ಟರೆ ಸೂಕ್ಷ್ಮಜೀವಿಗಳು ಸಕ್ಕರೆ ತಿಂದು ಬೆಳೆದು, ನೀರಿನೊಳಗಿನ ಆಮ್ಲಜನಕವನ್ನು ಹೀರಿಬಿಡುತ್ತವೆ; ಮೀನು ಸಾಯುತ್ತವೆ.

ಆ ಸಕ್ಕರೆಯನ್ನೇ ಬಳಸಬಾರದೇ ಎಂದು ಕೇಳುವಿರಿ. ಹಾಲುಸಕ್ಕರೆಗೆ ಸಿಹಿ ಕಡಿಮೆ. ಅನೇಕ ದೊಡ್ಡವರ ಹೊಟ್ಟೆಗೆ ಅದು ಒಗ್ಗದು. ಗ್ಲೂಕೋಸ್, ಗ್ಯಾಲಕ್ಟೋಸ್ ಎಂಬ ಎರಡು ಸಕ್ಕರೆಗಳ ಜೋಡಿ ಅದು. ಜೋಡಿ ಬಿಡಿಸಿದರೆ ಸಿಹಿಯೂ ಹೆಚ್ಚು, ಅರಗುವುದೂ ಸುಲಭ. ಬಿಡಿಸುವ ಕೆಲಸ ಲ್ಯಾಕ್ಟೇಸ್ ಎಂಬ ಕಿಣ್ವದ್ದು. ಆದರೆ ಅದು ದುಬಾರಿ. ಒಮ್ಮೆ ಬೆರೆಸಿದರೆ ಮರಳಿ ಕೈಗೆ ಸಿಗದು.

1916ರಲ್ಲಿ ಅಮೆರಿಕೆಯ ನೆಲ್ಸನ್ ಮತ್ತು ಗ್ರಿಫಿನ್ ಎಂಬವರು ಒಂದು ಸಂಗತಿ ಕಂಡರು. ಇದ್ದಿಲಿಗೆ ಅಂಟಿಕೊಂಡ ಕಿಣ್ವವೂ ಸಾದಾ ಸಕ್ಕರೆಯನ್ನು ಒಡೆಯುತ್ತಿತ್ತು. ಈ ತತ್ವ ಕಾರಖಾನೆಗೆ ಇಳಿಯಲು 50 ವರುಷಕ್ಕೂ ಹೆಚ್ಚು ಬೇಕಾಯಿತು. 1969ರಲ್ಲಿ ಜಪಾನಿನ ತನಾಬೆ ಕಂಪನಿ, ಕಟ್ಟಿಹಾಕಿದ ಕಿಣ್ವದಿಂದ ಅಮೈನೋ ಆಮ್ಲ ತಯಾರಿಸಿತು. 1970ರ ದಶಕದಲ್ಲಿ ಇಟಲಿಯ ಮಿಲಾನ್ ನಗರದ ಹಾಲಿನ ಡೇರಿ, ನೂಲಿನೆಳೆಗಳೊಳಗೆ ಸೆರೆಹಿಡಿದ ಲ್ಯಾಕ್ಟೇಸಿನ ಮೇಲೆ ಹಾಲು ಹರಿಸಿತು. ಸಣ್ಣ ರಂಧ್ರಗಳ ಸಿಲಿಕಾ ಮಣಿಗಳಿಗೆ ಕಿಣ್ವ ಅಂಟಿಸಿ, ಒಡೆದ ಹಾಲಿನ ನೀರನ್ನೇ ಸಿಹಿ ಪಾಕವಾಗಿಸುವ ಯಂತ್ರಗಳೂ ಬಂದವು. ನಮ್ಮ ಗಾಣದ ಎತ್ತು ನೆನೆಯಿರಿ: ಎತ್ತು ಅಲ್ಲೇ ಸುತ್ತುತ್ತದೆ, ಕಾಳು ಮಾತ್ರ ಬದಲಾಗುತ್ತದೆ. ಇಲ್ಲಿಯೂ ಹಾಗೆಯೇ, ಕಿಣ್ವ ನಿಂತಲ್ಲೇ ದುಡಿಯುತ್ತದೆ.

ಎತ್ತಿಗೆ ಮೇವು ಬೇಕಾದಂತೆ ಇದಕ್ಕೂ ಆರೈಕೆ ಬೇಕು. ಕಾವು ಮಿತಿಮೀರಿದರೆ ಕಿಣ್ವ ಕೆಡುತ್ತದೆ. ಕೊಳೆ ಸೇರಿದರೆ ಮಣಿಗಳ ರಂಧ್ರ ಮುಚ್ಚುತ್ತವೆ. ಆದುದರಿಂದ ಇದು ದೊಡ್ಡ ಡೇರಿಗಳಿಗೆ ತಕ್ಕದ್ದು, ನಮ್ಮ ಅಡಿಗೆಮನೆಗಲ್ಲ.

ನಮ್ಮಲ್ಲಿ ಹೆಪ್ಪು ಹಾಕುವುದು ಹಳೆಯ ರೂಢಿ. ಹೆಪ್ಪಿನ ಜೀವಿಗಳು ಹಾಲುಸಕ್ಕರೆಯಲ್ಲಿ ಒಂದಷ್ಟನ್ನು ತಾವೇ ತಿಂದು ಹುಳಿಯಾಗಿಸುತ್ತವೆ. ಹಾಲು ಒಗ್ಗದ ಅನೇಕರಿಗೆ ಮೊಸರು ಒಗ್ಗುವುದು ಅದಕ್ಕೇ. ಒಡೆದ ಹಾಲಿನ ಶುಚಿಯಾದ ನೀರನ್ನು ಚಪಾತಿ ಹಿಟ್ಟು ಕಲಸಲು ಬಳಸಿರಿ. ನಿಮ್ಮೂರಲ್ಲಿ ಯಾರಾದರೂ ಪನೀರ್ ಮಾಡುವ ಉದ್ಯೋಗ ಹೂಡಿದರೆ ಮೊದಲು ಕೇಳಿರಿ: "ಉಳಿದ ನೀರು ಎಲ್ಲಿಗೆ ಹೋಗತದರೀ?" ಉತ್ತರ ಕೆರೆಯ ಕಡೆ ಬೆರಳು ತೋರಿಸದಿರಲಿ.